ಅದೇ ಕಾರನ್ನು ಮತ್ತೆ ಕೊಳ್ಳುವಿರಾ?

ಹೊಸ ಕಾರು ಕೊಳ್ಳಲು ಹೊರಟವರಿಗೆ ಇಂದು ಮಾಹಿತಿಗೇನೂ ಬರವಿಲ್ಲ. ಕಾರು ಮಾರುಕಟ್ಟೆಗೆ ಬಂದ ವಾರದೊಳಗೆ ಅದರ ಮೈಲೇಜ್, ಸನ್‌ರೂಫ್, ಟಚ್‌ಸ್ಕ್ರೀನ್, ಡಿಕ್ಕಿಯ ಅಳತೆ ಎಲ್ಲವೂ ಮೊಬೈಲ್‌ನಲ್ಲಿ ಸಿಗುತ್ತದೆ. ಆದರೆ ಕಾರು ಎಂಥದ್ದು ಎಂಬುದು ಗೊತ್ತಾಗುವುದು ವಾರಂಟಿ ಮುಗಿದ ಮೇಲೆ. ಆಗ ಮಾಲೀಕರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಮತ್ತೊಮ್ಮೆ ಅವಕಾಶ ಸಿಕ್ಕರೆ ಇದೇ ಕಾರನ್ನು ಕೊಳ್ಳುತ್ತೀರಾ? ಅಮೆರಿಕದಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಎಂಬ ಲಾಭರಹಿತ ಗ್ರಾಹಕ ಸಂಸ್ಥೆ ತನ್ನ ಸದಸ್ಯರಿಗೆ ಪ್ರತಿವರ್ಷ ಇದೇ ಪ್ರಶ್ನೆ ಕೇಳಿ, ಯಾವ ಕಾರಿಗೆ ಎಷ್ಟು ಮಂದಿ ಹೌದು ಎಂದರು ಎಂಬುದನ್ನು ಪ್ರಕಟಿಸುತ್ತದೆ. ವರ್ಷಕ್ಕೆ 40 ಲಕ್ಷಕ್ಕೂ ಹೆಚ್ಚು ಕಾರುಗಳು ಮಾರಾಟವಾಗುವ ನಮ್ಮಲ್ಲಿ ಗ್ರಾಹಕರು ನಂಬಬಹುದಾದ ಅಂಥ ಸಾರ್ವಜನಿಕ ದಾಖಲೆ ಇಲ್ಲ. ಇದ್ದಿದ್ದರೆ ಒಂದು ಸಂಗತಿ ಎದ್ದು ಕಾಣುತ್ತಿತ್ತು: ಭಾರತದಲ್ಲಿ ಎಷ್ಟೋ ಸಲ ಮಾಲೀಕ ‘ಇನ್ನು ಬೇಡ’ ಎನ್ನುವುದಕ್ಕೆ ಕಾರಣ, ಮಾರಿದ ಮೇಲೆ ಕಂಪನಿ ನಡೆದುಕೊಳ್ಳುವ ರೀತಿ. ಅದಕ್ಕೆ ಕಡಿವಾಣ ಹಾಕಬೇಕಾದ ಕಾನೂನು ಇನ್ನೂ ಅರೆಬರೆಯಾಗಿಯೇ ಇದೆ.

ಫೋರ್ಡ್ ಉದಾಹರಣೆ ನೋಡಿ. 2013ರಲ್ಲಿ ಇಲ್ಲಿ ಬಿಡುಗಡೆಯಾದ ಇಕೋಸ್ಪೋರ್ಟ್, ನಾಲ್ಕು ಮೀಟರ್‌ಗಿಂತ ಗಿಡ್ಡನೆಯ ಎಸ್‌ಯುವಿಗಳ ಮಾರುಕಟ್ಟೆಯನ್ನು ಬೆಳೆಸಿದ ಕಾರುಗಳಲ್ಲಿ ಒಂದು. ಓಡಿಸುವ ಸುಖಕ್ಕೂ ಗಟ್ಟಿತನಕ್ಕೂ ಅದನ್ನು ಮೆಚ್ಚಿಕೊಂಡವರು ಬಹಳ. 2021ರ ಸೆಪ್ಟೆಂಬರ್ 9ರಂದು ಕಂಪನಿಯು ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಹತ್ತು ವರ್ಷಗಳಲ್ಲಿ 200 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಗಿದೆ ಎಂಬುದು ಅದು ಕೊಟ್ಟ ಕಾರಣ. ಅದಕ್ಕೂ ನಾಲ್ಕು ವರ್ಷ ಮೊದಲು, 2017ರಲ್ಲಿ, ಜನರಲ್ ಮೋಟರ್ಸ್ ತನ್ನ ಷೆವರ್ಲೆ ಕಾರುಗಳ ಮಾರಾಟ ನಿಲ್ಲಿಸಿತ್ತು. ಫಿಯೆಟ್ ಹೋಯಿತು, 2022ರಲ್ಲಿ ದಟ್ಸನ್ ಹೋಯಿತು. ಘೋಷಣೆಯ ಹಿಂದಿನ ರಾತ್ರಿ ಮನೆ ಮುಂದೆ ನಿಂತಿದ್ದ ಇಕೋಸ್ಪೋರ್ಟ್‌ಗೂ ಮರುದಿನದ ಇಕೋಸ್ಪೋರ್ಟ್‌ಗೂ ಒಂದು ನಟ್ಟಿನಷ್ಟೂ ವ್ಯತ್ಯಾಸವಿರಲಿಲ್ಲ. ಆದರೆ ಸೆಕೆಂಡ್ ಹ್ಯಾಂಡ್ ವ್ಯಾಪಾರಿ ಅದಕ್ಕೆ ಕಟ್ಟುವ ಬೆಲೆ ಬದಲಾಗಿತ್ತು. ಸರ್ವಿಸ್ ಮತ್ತು ಬಿಡಿಭಾಗ ಮುಂದುವರಿಸುತ್ತೇವೆ ಎಂದು ಕಂಪನಿ ಭರವಸೆ ಕೊಟ್ಟಿತು, ನಿಜ. ಆದರೆ ಊರಿನ ಡೀಲರ್ ಅಂಗಡಿ ಮುಚ್ಚಿದ ಮೇಲೆ ಆ ಭರವಸೆ ಹಿಡಿದು ಪಕ್ಕದ ಜಿಲ್ಲೆಗೆ ಹೋಗಬೇಕಾದವನು ಮಾಲೀಕನೇ.

ಇದಕ್ಕೆ ತದ್ವಿರುದ್ಧವಾದ ಚಿತ್ರ ನಮ್ಮ ಬಿಡದಿಯಲ್ಲಿದೆ. ಟೊಯೊಟಾ ಅಲ್ಲಿ 2000ದಲ್ಲಿ ಕ್ವಾಲಿಸ್ ತಯಾರಿಸಲು ಆರಂಭಿಸಿತು, 2005ರಲ್ಲಿ ಅದರ ಜಾಗಕ್ಕೆ ಇನ್ನೋವಾ ತಂದಿತು, 2016ರಲ್ಲಿ ಕ್ರಿಸ್ಟಾ. 2022ರಲ್ಲಿ ಪೆಟ್ರೋಲ್ ಮತ್ತು ಹೈಬ್ರಿಡ್ ಎಂಜಿನ್‌ಗಳ ಹೈಕ್ರಾಸ್ ಬಂದಾಗ ಡೀಸೆಲ್ ಇನ್ನೋವಾದ ಕಾಲ ಮುಗಿಯಿತು ಎಂದೇ ಹಲವರು ಭಾವಿಸಿದ್ದರು. ಆದರೆ ಮರುವರ್ಷವೇ ಕಂಪನಿ ಡೀಸೆಲ್ ಕ್ರಿಸ್ಟಾವನ್ನು ಮತ್ತೆ ಮಾರಾಟಕ್ಕೆ ತಂದಿತು. ಅದನ್ನು ಕೇಳುವವರಲ್ಲಿ ಟ್ಯಾಕ್ಸಿ, ಟ್ರಾವೆಲ್ಸ್ ನಡೆಸುವವರದು ದೊಡ್ಡ ಪಾಲು. ಈ ವಿಷಯದಲ್ಲಿ ಟ್ಯಾಕ್ಸಿ ಮಾಲೀಕನ ಮಾತಿಗೆ ನಾನು ಹೆಚ್ಚು ತೂಕ ಕೊಡುತ್ತೇನೆ. ಅವನಿಗೆ ಕಾರು ಪ್ರತಿಷ್ಠೆಯ ವಸ್ತುವಲ್ಲ. ಗಾಡಿ ಶೆಡ್ಡಿನಲ್ಲಿ ನಿಂತ ಒಂದೊಂದು ದಿನವೂ ಬಾಡಿಗೆ ತಪ್ಪುತ್ತದೆ, ತಿಂಗಳ ಕಂತು ಮಾತ್ರ ತಪ್ಪುವುದಿಲ್ಲ. ಲಕ್ಷಾಂತರ ಕಿಲೋಮೀಟರ್ ಓಡಿಸಿದ ಗಾಡಿಯನ್ನು ಮಾರಿ ಅದೇ ಗಾಡಿಯ ಹೊಸದನ್ನು ಅವನು ತಂದರೆ, ಅದು ಲೆಕ್ಕ ಹಾಕಿ ಕೊಟ್ಟ ‘ಹೌದು’. ಎಂಜಿನ್ ಬಾಳಿಕೆ ಬರುವಂಥದ್ದು ಎಂಬ ನಂಬಿಕೆ ಅದರಲ್ಲಿದೆ. ಹೈವೇಯಲ್ಲಿ ಕೆಟ್ಟು ನಿಂತರೆ ಹತ್ತಿರದ ಊರಿನ ಮೆಕ್ಯಾನಿಕ್‌ಗೆ ಆ ಗಾಡಿಯ ಕೆಲಸ ಗೊತ್ತಿದೆ, ಸಾಮಾನು ಸಿಗುತ್ತದೆ ಎಂಬ ಧೈರ್ಯವೂ ಇದೆ.

ಆ ಸಾಮಾನಿನ ವಿಚಾರವೇ ಸಮಸ್ಯೆಯ ಬೇರು. ಹಳೆಯ ಕಾರಿನ ಹೆಡ್‌ಲೈಟ್ ತೆಗೆದುಕೊಳ್ಳಿ. ಬೈಕೊಂದು ತಾಗಿ, ಲೈಟನ್ನು ಕಾರಿನ ಬಾಡಿಯಲ್ಲಿ ಹಿಡಿದಿಡುವ ಪ್ಲಾಸ್ಟಿಕ್ ಕಿವಿ ಮುರಿದಿದೆ. ಗಾಜು ಸರಿಯಿದೆ, ಬಲ್ಬು ಉರಿಯುತ್ತಿದೆ. ಸರ್ವಿಸ್ ಸೆಂಟರ್‌ನ ಅಡ್ವೈಸರ್ ಜಾಬ್ ಕಾರ್ಡ್‌ನಲ್ಲಿ ಬರೆಯುವುದು ಮಾತ್ರ ‘ಹೆಡ್‌ಲ್ಯಾಂಪ್ ಅಸೆಂಬ್ಲಿ ರಿಪ್ಲೇಸ್’ ಎಂದು, ಏಕೆಂದರೆ ಕಂಪನಿ ಆ ತುಂಡನ್ನು ಬಿಡಿಯಾಗಿ ಮಾರುವುದಿಲ್ಲ. ಅಸೆಂಬ್ಲಿ ಸ್ಟಾಕ್ ಇಲ್ಲ, ಆರ್ಡರ್ ಹಾಕಬೇಕು, ಇಷ್ಟು ದಿನ ಎಂದು ಹೇಳಲಾಗದು. ಬೆಂಗಳೂರಿನವರಾದರೆ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನಾದರೂ ಅಲೆಯಬಹುದು. ಯಾದಗಿರಿಯವರು ಏನು ಮಾಡಬೇಕು? ಇದು ಬಿಡಿ ದೂರುಗಳ ಮಾತಲ್ಲ. ಬಿಡಿಭಾಗಗಳನ್ನೂ ರಿಪೇರಿಗೆ ಬೇಕಾದ ತಾಂತ್ರಿಕ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ತಡೆದಿವೆ ಎಂಬ ಕಾರಣಕ್ಕೆ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಕಂಪನಿಗಳು ಆದೇಶವನ್ನು ಪ್ರಶ್ನಿಸಿ ಮೇಲಕ್ಕೆ ಹೋದವು. ಕಾರು ಕೊಂಡವನು ಬಿಡಿಭಾಗಕ್ಕಾಗಿ ಅದೇ ಕಂಪನಿಯ ಕೌಂಟರ್ ಮುಂದೆ ನಿಲ್ಲುವುದು ತಪ್ಪಿಲ್ಲ.

ಮಾಲೀಕರ ಉತ್ತರವನ್ನು ನಂಬಬಹುದೇ ಎಂದು ಕೇಳುವವರಿದ್ದಾರೆ. ಹತ್ತಾರು ಲಕ್ಷ ಸುರಿದವನು ತನ್ನ ಆಯ್ಕೆ ತಪ್ಪೆಂದು ಸುಲಭವಾಗಿ ಒಪ್ಪುತ್ತಾನೆಯೇ? ಈ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ಅದೇ ಸಮೀಕ್ಷೆಯಲ್ಲಿ ರಿವಿಯನ್ ಎಂಬ ವಿದ್ಯುತ್ ವಾಹನ ಕಂಪನಿ, ಮಾಲೀಕರ ತೃಪ್ತಿಯಲ್ಲಿ ಮೊದಲ ಸ್ಥಾನದಲ್ಲಿದ್ದೂ ಬಾಳಿಕೆಯ ಪಟ್ಟಿಯಲ್ಲಿ ತಳದ ಸಾಲಿನಲ್ಲಿತ್ತು. ಪದೇ ಪದೇ ಕೈಕೊಡುವ ಗಾಡಿಯನ್ನೂ ಜನ ಪ್ರೀತಿಸಬಲ್ಲರು. ಆದ್ದರಿಂದ ಪ್ರಶ್ನೆಯನ್ನು ಯಾವಾಗ ಕೇಳುತ್ತೇವೆ ಎಂಬುದು ಮುಖ್ಯ. ಮೊದಲ ವರ್ಷ ಮಾತಾಡುವುದು ಸಂಭ್ರಮ. ಐದನೇ ವರ್ಷ ಮಾತಾಡುವುದು ಅನುಭವ. ಸುರಕ್ಷತೆಯ ಕುರಿತಾದ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ ಐದೂ ಕಾರುಗಳ ಏರ್‌ಬ್ಯಾಗ್ ಇಲ್ಲದ ಮಾದರಿಗಳಿಗೆ ವಯಸ್ಕರ ಸುರಕ್ಷತೆಯಲ್ಲಿ ಶೂನ್ಯ ಸ್ಟಾರ್ ಬಂತು. ಅವುಗಳಲ್ಲಿ ಕೆಲವು ದೇಶದಲ್ಲೇ ಅತಿ ಹೆಚ್ಚು ಜನ ಮೆಚ್ಚಿ ಕೊಂಡ ಕಾರುಗಳು. ಅಪಘಾತವಾಗದ ಮಾಲೀಕನಿಗೆ ತನ್ನ ಕಾರಿನ ಬಾಡಿ ಎಷ್ಟು ಗಟ್ಟಿ ಎಂಬುದು ತಿಳಿಯುವುದೇ ಇಲ್ಲ. ಆದಕಾರಣ ಮಾಲೀಕರ ಮಾತು ಅಪಘಾತ ಪರೀಕ್ಷೆಗೆ ಬದಲಿಯಾಗದು. 2023ರಲ್ಲಿ ಆರಂಭವಾದ ಭಾರತ್ ಎನ್‌ಕ್ಯಾಪ್ ಅಂಕಗಳ ಜೊತೆಗೆ ಅದನ್ನೂ ಇಟ್ಟುಕೊಂಡು ನೋಡಬೇಕು.

ಕಾರು ಬದಲಾಗದೆಯೂ ಮಾಲೀಕನ ಉತ್ತರ ಬದಲಾಗಲು ಸರ್ಕಾರವೂ ಕಾರಣವಾಗುತ್ತದೆ. ಪೆಟ್ರೋಲ್‌ನಲ್ಲಿ ಶೇ 10ರ ಎಥೆನಾಲ್‌ಗೆ ಹೊಂದಿಸಿದ ಎಂಜಿನ್‌ಗಳಿಗೆ ಈಗ ಶೇ 20ರ ಮಿಶ್ರಣ ಬೀಳುತ್ತಿದೆ. ಅಂಥ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಇನ್ನು ಕರ್ನಾಟಕದಲ್ಲಿ ಒಮ್ಮೆ ತಪ್ಪು ಆಯ್ಕೆ ಮಾಡಿದರೆ ಅದರ ಬೆಲೆ ಮತ್ತೂ ಹೆಚ್ಚು. ಹತ್ತು ಲಕ್ಷ ರೂಪಾಯಿ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಇಲ್ಲಿನ ಜೀವಾವಧಿ ತೆರಿಗೆಯೇ ಕನಿಷ್ಠ ಶೇ 17, ಅದರ ಮೇಲೆ ಸೆಸ್. ಎರಡು ವರ್ಷಕ್ಕೆ ಬೇಸತ್ತು ಕಾರನ್ನು ಇಲ್ಲೇ ಮಾರಿದವನು ಮುಂದಿನ ಕಾರಿಗೆ ಮತ್ತೆ ಮೊದಲಿಂದ ತೆರಿಗೆ ಕಟ್ಟಬೇಕು.

ಕಾನೂನು ಏನೂ ಮಾಡಿಲ್ಲವೆಂದಲ್ಲ. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯಿಂದಾಗಿ, ದೋಷವಿರುವ ವಾಹನಗಳನ್ನು ವಾಪಸ್ ಕರೆಸಿ ಸರಿಪಡಿಸುವಂತೆ ಕಂಪನಿಗೆ ಆದೇಶಿಸುವ ಅಧಿಕಾರ ಸರ್ಕಾರಕ್ಕೆ ಬಂತು. ಏಳು ವರ್ಷದೊಳಗಿನ ವಾಹನಗಳಿಗೆ ಅದು ಅನ್ವಯ, ಒಂದು ಕೋಟಿ ರೂಪಾಯಿವರೆಗೆ ದಂಡವೂ ಇದೆ. ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ಆದರೆ ಮಾರಾಟ ನಿಲ್ಲಿಸಿದ ಮಾದರಿಗೆ ಇಷ್ಟು ವರ್ಷ ಬಿಡಿಭಾಗ ಕೊಡಲೇಬೇಕು ಎಂದು ಕಾರು ಕಂಪನಿಗಳನ್ನು ಕಟ್ಟಿಹಾಕುವ ನೇರ ನಿಯಮ ಇಲ್ಲ. ಕೊನೆಯ ಕಾರು ಮಾರಾಟವಾದ ದಿನದಿಂದ ಕನಿಷ್ಠ ಹತ್ತು ವರ್ಷ ಎಂಬ ನಿಯಮ ಬರಬೇಕು, ಕಂಪನಿ ದೇಶ ಬಿಟ್ಟು ಹೋದರೂ ಅದು ಜಾರಿಯಾಗುವಂತೆ ಮೊದಲೇ ಠೇವಣಿ ಇರಿಸಿಕೊಳ್ಳಬೇಕು. ಇದರಿಂದ ಕಾರಿನ ಬೆಲೆ ಏರುತ್ತದೆ ಎಂದು ಉದ್ಯಮದವರು ಹೇಳಬಹುದು. ಸ್ವಲ್ಪ ಏರಲೂಬಹುದು. ಆದರೆ ಬಿಡಿಭಾಗ ಸಿಗದ ನಷ್ಟ ಈಗಲೂ ಇದ್ದೇ ಇದೆ. ಕಂಪನಿ ಹೊರಟ ಮೇಲೆ ಉಳಿದ ಮಾಲೀಕರ ತಲೆ ಮೇಲೆ ಒಟ್ಟಿಗೇ ಬೀಳುತ್ತಿದೆ. ಎಲ್ಲ ಕೊಳ್ಳುವವರೂ ಅದನ್ನು ಹಂಚಿಕೊಳ್ಳುವುದೇ ನ್ಯಾಯ. ದಾಸ್ತಾನು ಇಡುವುದು ಹೊರೆಯೆನಿಸಿದರೆ, ಬಿಡಿಭಾಗ ತಯಾರಿಸಿಕೊಡುವ ಕಾರ್ಖಾನೆಗಳೇ ಅವನ್ನು ನೇರವಾಗಿ ಅಂಗಡಿಗಳಿಗೆ ಮಾರಲು ಕಂಪನಿಗಳು ಬಿಟ್ಟುಕೊಡಲಿ.

ಅಂಥ ನಿಯಮ ಬರುವವರೆಗೆ ಕೊಳ್ಳುವವರು ತಮ್ಮ ಎಚ್ಚರದಲ್ಲಿ ತಾವಿರಬೇಕು. ಬುಕಿಂಗ್ ಹಣ ಕಟ್ಟುವ ಮುನ್ನ ಅದೇ ಕಂಪನಿಯ ಐದು ವರ್ಷದ ಹಳೆಯ ಕಾರು ಇಟ್ಟುಕೊಂಡಿರುವ, ನಿಮ್ಮ ಊರಿನವರೇ ಆದ ಇಬ್ಬರು ಮೂವರನ್ನು ಹುಡುಕಿ ಮಾತಾಡಿಸಿ. ಕಳೆದ ಸರ್ವಿಸ್ ಬಿಲ್ ಎಷ್ಟಾಯಿತು, ಸಾಮಾನಿಗೆ ಎಷ್ಟು ದಿನ ಕಾದಿರಿ, ಇದೇ ಕಾರನ್ನು ಮತ್ತೆ ಕೊಳ್ಳುತ್ತೀರಾ ಎಂದು ಕೇಳಿ. ಕೊನೆಯ ಪ್ರಶ್ನೆಗೆ ಉತ್ತರಿಸಲು ಅವರು ತಡವರಿಸಿದರೆ ಬುಕಿಂಗ್ ಮುಂದಕ್ಕೆ ಹಾಕಿ.