ಕಣ್ಣ ಮೇಲೆ ಕಾಗೆಬಂಗಾರ
ಐಶ್ಯಾಡೋ ಅಂದ ಕೂಡಲೇ ನಮ್ಮ ಕ್ಯಾಂಪಸ್ಸಲ್ಲಿ ನಗೋರು ಜಾಸ್ತಿ. ನಗೋ ಮುಂಚೆ ಫಸ್ಟ್ ಇಯರ್ ಆಪ್ಟಿಕ್ಸ್ ನೋಟ್ಸ್ ಒಮ್ಮೆ ತೆಗೆಯಿರಿ.

ಜಪಾನಿನ ಔಷಧಿ ಅಂಗಡಿಗಳಲ್ಲೇ ಸಿಗುವ ಕ್ಯಾನ್‌ಮೇಕ್, ಸೆಜಾನ್ ಬ್ರ್ಯಾಂಡಿನ ಮಿನುಗುವ ಐಶ್ಯಾಡೋಗಳನ್ನ ನಾವು ಹಾಸ್ಟೆಲ್ ಹುಡುಗೀರು ತರಿಸಿ ಹಚ್ಚಿ ನೋಡಿದ್ವಿ. ಟ್ಯೂಬ್‌ಲೈಟ್ ಕೆಳಗೆ ಏನೂ ವಿಶೇಷ ಕಾಣಲಿಲ್ಲ. ಸ್ಕಂದಗಿರಿ ತುದಿಯಲ್ಲಿ, ಮೋಡದ ಮೇಲೆ ಬಿಸಿಲು ಬಂದಾಗ ನೋಡ್ಬೇಕಿತ್ತು! ಕತ್ತು ತಿರುಗಿಸಿದ ಹಾಗೆಲ್ಲ ಹೊಳಪು ಬದಲಾಗ್ತಿತ್ತು. (ನಮ್ಮ ಬಣ್ಣಕ್ಕೆ ತೆಳು ಗುಲಾಬಿಗಿಂತ ಕಂಚೇ ಒಪ್ಪೋದು. ಇದರಲ್ಲಿ ಚರ್ಚೆ ಇಲ್ಲ.)

ಈ ಮಿನುಗು ಬರೋದು ಮೈಕಾದಿಂದ, ಅಂದ್ರೆ ನಮ್ಮ ಕಾಗೆಬಂಗಾರದಿಂದ. ಗ್ರಾನೈಟ್ ಬಂಡೆಯಲ್ಲಿ ಮಿಣಮಿಣ ಅನ್ನೋದೂ ಇದೇ. ಅದರ ತೆಳು ಚೂರಿಗೆ ಟೈಟಾನಿಯಂ ಡೈಆಕ್ಸೈಡ್ ಲೇಪ ಕೊಡ್ತಾರೆ. ಲೇಪದ ಎರಡೂ ಮೈಯಿಂದ ಪ್ರತಿಫಲಿಸಿದ ಬೆಳಕು ಕೂಡಿ ಇಂಟರ್‌ಫೆರೆನ್ಸ್ ಆಗುತ್ತೆ. ಲೇಪ ಇಪ್ಪತ್ತು ಮೂವತ್ತು ನ್ಯಾನೋಮೀಟರ್ ದಪ್ಪವಾದರೆ ಸಾಕು, ಬೆಳ್ಳಿ ಹೊಳಪು ಚಿನ್ನವಾಗುತ್ತೆ. ಸೋಪಿನ ಗುಳ್ಳೆಯ ಲೆಕ್ಕವೇ.

ಆದರೆ ಜಾರ್ಖಂಡಿನ ಕೊಡರ್ಮಾ, ಗಿರಿಡಿಹ್ ಕಡೆ ಪಾಳು ಗಣಿಗಳಲ್ಲಿ ಮಕ್ಕಳೂ ಮೈಕಾ ಆಯ್ತಾರೆ. ಗಣಿ ಕುಸಿದು ಸತ್ತ ಮಕ್ಕಳ ಸುದ್ದಿಯನ್ನ 2016ರಲ್ಲಿ ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ ಬಯಲಿಗೆ ತಂತು. ಜಪಾನಿನಲ್ಲಿ 2001ರಿಂದ ಎಲ್ಲ ಪದಾರ್ಥಗಳ ಹೆಸರು ಮುದ್ರಿಸೋದು ಕಡ್ಡಾಯ. ಆದ್ರೆ ಪಟ್ಟಿಯಲ್ಲಿ 'ಮೈಕಾ' ಅಂತ ಇರುತ್ತೆ, ಯಾವ ಗಣಿದು ಅಂತ ಇರಲ್ಲ.

ಲ್ಯಾಬಲ್ಲಿ ಮಾಡಿದ ಕೃತಕ ಮೈಕಾ ಇದ್ದದ್ದನ್ನೇ ಕೊಳ್ಳಬಹುದು. ಆದರೆ ಎಲ್ಲರೂ ಹಾಗೆ ಮಾಡಿದರೆ ಅಲ್ಲಿನ ಮನೆಗಳ ಒಲೆ ಆರುತ್ತೆ ಅನ್ನೋ ಮಾತೂ ಸುಳ್ಳಲ್ಲ. ಹಾಗಾಗಿ ನಾವು ಕೊಳ್ಳೋ ಮುಂಚೆ ಕಂಪನಿಗಳಿಗೆ ಮೇಲ್ ಬರೆದು ಗಣಿ ಯಾವುದು ಅಂತ ಕೇಳ್ತೀವಿ. ನಗ್ತಿರೋ ಮೆಕ್ಯಾನಿಕಲ್ ಹುಡುಗರೇ, ಬೈಕಿನ ಪರ್ಲ್ ಪೇಂಟಲ್ಲೂ ಮೈಕಾ ಇರುತ್ತೆ. ನೀವೂ ಒಂದು ಮೇಲ್ ಹಾಕಿ.