ಯಜಮಾನರಿಗೆ ಗೈರುಹಾಜರಿ

ನಮ್ಮ ಬೀದಿಯ ಕೊನೆಯ ಮನೆಯಲ್ಲಿರುವ ನಿವೃತ್ತ ಮೇಷ್ಟ್ರು ಕಳೆದ ನವೆಂಬರಿನ ಒಂದು ಮುಂಜಾನೆ ಕಾಫಿಯನ್ನೂ ಕುಡಿಯದೆ ನಮ್ಮ ಜಗಲಿಗೆ ದಯಮಾಡಿಸಿದರು. ಅಂಗೈಯಲ್ಲಿ ಫೋನು, ಮುಖದಲ್ಲಿ ಕಳೆಯಿಲ್ಲ.

“ಮೂವತ್ತು ವರ್ಷ ಹಾಜರಿ ಕರೆದವನು ಸ್ವಾಮಿ ನಾನು. ಇವತ್ತು ಇದು ನನಗೇ ಗೈರುಹಾಜರಿ ಹಾಕಿಬಿಟ್ಟಿದೆ!” ಎಂದರು.

ಸಂಗತಿ ಇಷ್ಟೆ. ಎರಡು ದಿನದ ಹಿಂದೆ, ಹೊಸ ಸಾಫ್ಟ್‌ವೇರು ಬಂದಿದೆ, ಹಾಕಿಕೊಳ್ಳಬಹುದೇ ಎಂದು ಫೋನು ಕೇಳಿತಂತೆ. ಕನ್ನಡಕ ತೆಗೆದಿಟ್ಟು ಮಲಗುವ ಹೊತ್ತು. ಇವರು ‘ಆಗಲಿ’ ಎಂದು ಒತ್ತಿ ಮಲಗಿದರು. ಬೆಳಗಾಗುವಷ್ಟರಲ್ಲಿ, ನಾಲ್ಕು ವರ್ಷದಿಂದ ಮುಖ ಕಂಡೊಡನೆ ತೆರೆದುಕೊಳ್ಳುತ್ತಿದ್ದ ಫೋನು ಆರಂಕಿಯ ಸಂಖ್ಯೆಯೊಂದನ್ನು ಕೇಳಿಕೊಂಡು ಕುಳಿತಿತ್ತು. ಹಿಂದೆಯೂ ಆಗೊಮ್ಮೆ ಈಗೊಮ್ಮೆ ಅದು ಹಾಗೆ ಕೇಳುತ್ತಿದ್ದುದುಂಟು. ಆಗೆಲ್ಲ ಮೇಷ್ಟ್ರು ಗೋಡೆಯ ಕ್ಯಾಲೆಂಡರಿನ ಬೆನ್ನನ್ನು ತಿರುವಿ ನೋಡಿ ಒತ್ತುತ್ತಿದ್ದರು. ಸಂಖ್ಯೆಯನ್ನು ಅಲ್ಲಿ ಬರೆದಿಟ್ಟುಹೋದವನು ಈಗ ಹೊರದೇಶದಲ್ಲಿರುವ ಮೊಮ್ಮಗ. ದೀಪಾವಳಿಗೆಂದು ಮನೆ ಸಾರಿಸಿದಾಗ ಆ ಕ್ಯಾಲೆಂಡರು ರದ್ದಿಯವನ ಪಾಲಾಗಿತ್ತು. ಪೇಟೆಯ ಅಂಗಡಿಯ ಹುಡುಗ, “ಎಲ್ಲವನ್ನೂ ಅಳಿಸಿ ಹೊಸದಾಗಿ ಮಾಡಿಕೊಡುತ್ತೇನೆ, ಅರ್ಧ ಗಂಟೆಯ ಕೆಲಸ” ಎಂದಿದ್ದನಂತೆ.

ಆ ‘ಎಲ್ಲ’ದರಲ್ಲಿ ಮೂರು ವರ್ಷದ ಹಿಂದೆ ತೀರಿಕೊಂಡ ಅವರ ಮನೆಯವರ ಕಂಠವೂ ಸೇರಿತ್ತು. ಗೌರಿಹಬ್ಬದ ದಿನ ಆಕೆ ಹಾಡಿದ್ದನ್ನು ಮೇಷ್ಟ್ರು ಫೋನಿನಲ್ಲಿ ಹಿಡಿದಿಟ್ಟುಕೊಂಡಿದ್ದರು. ಬೇರೆಲ್ಲಿಯೂ ಅದರ ಪ್ರತಿಯಿರಲಿಲ್ಲ.

ನಾನು ಅವರನ್ನು ಕುಳ್ಳಿರಿಸಿ ಕಾಫಿ ತರಿಸಿದೆ. ಅಂಗಡಿಗೆ ಹೋಗಕೂಡದೆಂದೂ, ನೆನಪಿಗೆ ಬಂದ ಸಂಖ್ಯೆಗಳನ್ನೆಲ್ಲ ಒತ್ತಿ ನೋಡಕೂಡದೆಂದೂ ಹೇಳಿದೆ. ತಪ್ಪು ಒತ್ತಿದಷ್ಟೂ ಫೋನು ಕಾಯಿಸುವ ಹೊತ್ತು ಬೆಳೆಯುತ್ತ ಹೋಗುತ್ತದೆ.

ವಾಚಕರು ಮೊದಲು ತಿಳಿಯಬೇಕಾದುದು, ಹೊಸ ಸಾಫ್ಟ್‌ವೇರು ಹೊಕ್ಕ ಮೇಲೆ ಫೋನು ಸಂಖ್ಯೆ ಕೇಳುವುದು ರೋಗವಲ್ಲ, ಅದರ ನೇಮ. ಸಾಫ್ಟ್‌ವೇರು ಬದಲಾದಾಗ ಫೋನು ತಾನಾಗಿ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಆರಿ ಹೊತ್ತಿದ ಫೋನಿನೊಳಗಣ ಬೀಗ ಮೊದಲ ಸಲ ತೆರೆಯುವುದು ಸಂಖ್ಯೆಗೇ ಹೊರತು ಮುಖಕ್ಕಲ್ಲ. ಮುಖವೆಂಬುದು ಆಮೇಲಿನ ಅನುಕೂಲ. ಐಫೋನಿನಲ್ಲಂತೂ 48 ಗಂಟೆ ತೆರೆಯದೆ ಬಿಟ್ಟಿದ್ದರೂ, ಮುಖದ ಗುರುತು ಐದು ಸಲ ತಪ್ಪಿದರೂ ಇದೇ ಕಟ್ಟಳೆ.

ಸಂಖ್ಯೆ ಕೊಟ್ಟ ಮೇಲೆಯೂ ಮುಖ ಹಿಡಿಯದಿದ್ದರೆ ಆಗ ಅದು ದೋಷ. ಇಲ್ಲಿ ಫೋನುಗಳಲ್ಲಿ ಎರಡು ಜಾತಿಯುಂಟೆಂಬುದನ್ನು ಅರಿತಿರಬೇಕು. 2017ರಲ್ಲಿ ಬಂದ ಐಫೋನ್ ಎಕ್ಸ್ ಮುಖದ ಮೇಲೆ ಕಣ್ಣಿಗೆ ಕಾಣದ ಅವಗೆಂಪು ಬೆಳಕಿನ 30,000ಕ್ಕೂ ಹೆಚ್ಚು ಚುಕ್ಕೆಗಳನ್ನು ಚೆಲ್ಲಿ, ಮೂಗಿನ ಎತ್ತರ ಕಣ್ಣಿನ ಆಳಗಳನ್ನು ಅಳೆಯುವ ಏರ್ಪಾಡನ್ನು ತಂದಿತು. ಬೇರೊಬ್ಬರ ಮುಖಕ್ಕೆ ಅದು ತೆರೆದುಕೊಳ್ಳುವ ಸಂಭವ 10 ಲಕ್ಷದಲ್ಲಿ ಒಂದಕ್ಕಿಂತ ಕಡಮೆಯೆಂದು ತಯಾರಕರ ಲೆಕ್ಕ; ಅವಳಿಜವಳಿಗಳಿಗೆ ಈ ಲೆಕ್ಕ ಹೊಂದದು. ಕಡಮೆ ಬೆಲೆಯ ಬಹುಪಾಲು ಫೋನುಗಳಾದರೋ ಮುಂದಿನ ಕ್ಯಾಮೆರಾದಲ್ಲಿ ಬಿದ್ದ ಚಿತ್ರವನ್ನಷ್ಟೇ ನೋಡುತ್ತವೆ. ಆದುದರಿಂದ ಕತ್ತಲೆಯಲ್ಲಿ ತಡವರಿಸುತ್ತವೆ. ಕೆಲವು ಭಾವಚಿತ್ರಕ್ಕೂ ಮರುಳಾಗುವುದುಂಟು. ಇಂಥವುಗಳ ಮುಂದೆ ಬೆಳಕಿಗೆ ಎದುರಾಗಿ ನಿಂತುಕೊಂಡರೆ ಅರ್ಧ ರೋಗ ಹೋಗುತ್ತದೆ.

ಯಾವ ಜಾತಿಯದೇ ಆಗಲಿ, ಮೊದಲು ಮೇಲ್ತುದಿಯ ಗಾಜನ್ನು ಮೆತ್ತನೆಯ ಬಟ್ಟೆಯಿಂದ ಒರಸಿರಿ. ಅಂಗಡಿಯವರು ಅಂಟಿಸಿದ ರಕ್ಷಣೆಯ ಗಾಜು ಕ್ಯಾಮೆರಾದ ಮೇಲೆ ಸರಿದು ಕುಳಿತಿದೆಯೇ ನೋಡಿರಿ. ಫೋನನ್ನು ಒಮ್ಮೆ ಆರಿಸಿ ಹೊತ್ತಿಸಿರಿ. ಅದಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸಿನಲ್ಲಿ ಹಳೆಯ ಮುಖವನ್ನು ತೆಗೆದುಹಾಕಿ ಹೊಸದಾಗಿ ತೋರಿಸಿಕೊಡಿರಿ. ಇದರಿಂದ ಪಟಗಳಾಗಲಿ ಪತ್ರಗಳಾಗಲಿ ಹೋಗುವುದಿಲ್ಲ. ಇಷ್ಟಾದರೂ ‘ಮುಖದ ಗುರುತು ಲಭ್ಯವಿಲ್ಲ’ ಎಂದೇ ಬರುತ್ತಿದ್ದರೆ, ಅಪ್‌ಡೇಟನ್ನು ಬೈದು ಫಲವಿಲ್ಲ. ಎಂದೋ ಬಿದ್ದುದೋ ನೀರು ತಗಲಿದುದೋ ಬಿಡಿಭಾಗವನ್ನು ಕೆಡಿಸಿರಬಹುದು. ದುರಸ್ತಿಗೆ ಕೊಡಬೇಕಾದುದೇ.

ಸಂಜೆಯ ಹೊತ್ತಿಗೆ ಮೊಮ್ಮಗನ ಊರಿನಲ್ಲಿ ಬೆಳಗಾಯಿತು. ನನ್ನ ಫೋನಿನಿಂದ ಮಾತನಾಡಿಸಿದೆವು. “ಅಜ್ಜಿ ಹುಟ್ಟಿದ ದಿನ ಅಲ್ವಾ ತಾತ!” ಎಂದನವನು. ಮೇಷ್ಟ್ರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದರು.

ಫೋನು ತೆರೆಯಿತು. ಆದರೆ ಮನೆಗೆ ಹೋದ ಹತ್ತು ನಿಮಿಷಕ್ಕೆ ಅವರ ಕರೆ ಬಂದಿತು: ವೈಫೈ ಗುರುತು ತುಂಬಿ ನಿಂತಿದೆ, ಒಂದೂ ತೆರೆಯುವುದಿಲ್ಲ!

ಇದು ಬೇರೆಯೇ ಕಾಯಿಲೆ. ಒಂದೇ ದಿನ ಕಾಣಿಸಿಕೊಂಡಿತೆಂದು ಎರಡಕ್ಕೂ ಒಂದೇ ಮದ್ದು ಅರೆಯಲಾಗದು. ಫೋನಿನಿಂದ ಮನೆಯ ರೂಟರ್ ಪೆಟ್ಟಿಗೆಯವರೆಗಿನ ದಾರಿ ಒಂದು. ಪೆಟ್ಟಿಗೆಯಿಂದ ಹೊರಲೋಕಕ್ಕೆ ಹೋಗುವ ದಾರಿ ಇನ್ನೊಂದು. ವೈಫೈ ಗುರುತು ಸಾಕ್ಷಿ ಹೇಳುವುದು ಮೊದಲನೆಯದಕ್ಕೆ ಮಾತ್ರ. ಅದೇ ಮನೆಯಲ್ಲಿ ಇನ್ನೊಂದು ಫೋನನ್ನು ಹಿಡಿದು ನೋಡಿರಿ. ಅದಕ್ಕೂ ಬಾರದಿದ್ದರೆ ದೋಷ ಪೆಟ್ಟಿಗೆಯಲ್ಲಿ ಅಥವಾ ಬೀದಿಯ ತಂತಿಯಲ್ಲಿ. ಪೆಟ್ಟಿಗೆಯನ್ನು ಆರಿಸಿ, ಒಂದು ನಿಮಿಷ ಬಿಟ್ಟು ಹೊತ್ತಿಸಿರಿ. ಇನ್ನೊಂದಕ್ಕೆ ಬಂದು ನಿಮ್ಮದಕ್ಕೆ ಮಾತ್ರ ಬಾರದಿದ್ದರೆ, ಮೊದಲು ಫೋನಿನ ತಾರೀಖು ಗಡಿಯಾರಗಳು ಸರಿಯಿವೆಯೇ ನೋಡಿರಿ. ಅವು ತಪ್ಪಿದ್ದರೆ ಭದ್ರವಾದ ತಾಣಗಳು ಬಾಗಿಲು ತೆರೆಯವು. ಬಳಿಕ ಆ ವೈಫೈಯನ್ನು ‘ಮರೆತುಬಿಡು’ ಎಂದು ಫೋನಿಗೆ ಹೇಳಿ, ಪಾಸ್‌ವರ್ಡನ್ನು ಹೊಸದಾಗಿ ಕೊಡಿರಿ. ಪಾಸ್‌ವರ್ಡು ಕೈಯಲ್ಲಿದೆಯೆಂದು ಖಚಿತವಾದ ಮೇಲೆಯೇ ಮರೆಯಿಸುವುದು ಮೇಲು. ಬಹಳಷ್ಟು ಪೆಟ್ಟಿಗೆಗಳ ಅಡಿಯಲ್ಲಿ ಅದನ್ನು ಅಚ್ಚುಹಾಕಿ ಅಂಟಿಸಿರುತ್ತಾರೆ.

ಕಾಲೇಜು, ಕಚೇರಿಗಳಲ್ಲಿರುವವರಿಗೆ ಇನ್ನೊಂದು ತೊಡಕುಂಟು. ಪ್ರತಿ ಫೋನಿಗೂ ವೈಫೈಗಾಗಿ ಒಂದು ಗುರುತಿನ ವಿಳಾಸವಿರುತ್ತದೆ. ಜನರ ಓಡಾಟವನ್ನು ಅದರಿಂದ ಹಿಂಬಾಲಿಸುತ್ತಾರೆಂದು, 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಇವುಗಳಿಂದ ಮೊದಲ್ಗೊಂಡು ಫೋನುಗಳು ಒಂದೊಂದು ಜಾಲಕ್ಕೆ ಒಂದೊಂದು ಕಲ್ಪಿತ ವಿಳಾಸ ಹೇಳುವುದನ್ನು ರೂಢಿಮಾಡಿಕೊಂಡವು. ಒಳ್ಳೆಯದೇ. ಆದರೆ ಹಳೆಯ ವಿಳಾಸವನ್ನು ಪಟ್ಟಿಯಲ್ಲಿ ಬರೆದುಕೊಂಡು ಒಳಗೆ ಬಿಡುತ್ತಿದ್ದ ಕಚೇರಿಯ ಜಾಲ, ಅಪ್‌ಡೇಟಾದ ಮರುದಿನ ಯಾರೋ ಅಪರಿಚಿತನೆಂದು ತಡೆದು ನಿಲ್ಲಿಸೀತು. ಫೋನು ಮುಖವಾಡ ಧರಿಸಿದೆ, ಕಾವಲುಗಾರನಿಗೆ ಗುರುತು ಸಿಕ್ಕಿಲ್ಲ, ಅಷ್ಟೆ. ಆ ಒಂದು ಜಾಲಕ್ಕೆ ಮಾತ್ರ ನಿಜವಾದ ವಿಳಾಸ ತೋರಿಸುವಂತೆ ಸೆಟ್ಟಿಂಗ್ಸಿನಲ್ಲಿ ಬದಲಾಯಿಸಬಹುದು.

ಯಾವುದಕ್ಕೂ ಬಗ್ಗದಿದ್ದರೆ ಕಡೆಯ ಉಪಾಯ ‘ರೀಸೆಟ್ ನೆಟ್‌ವರ್ಕ್ ಸೆಟ್ಟಿಂಗ್ಸ್’. 2021ರಲ್ಲಿ, ಶೇಕಡಾ ಚಿಹ್ನೆಗಳನ್ನು ಹೊತ್ತ ವಿಚಿತ್ರ ಹೆಸರಿನ ಒಂದು ವೈಫೈಗೆ ಸೇರಿಕೊಂಡ ಐಫೋನುಗಳು ಆಮೇಲೆ ಯಾವ ವೈಫೈಗೂ ಸೇರದೆ ಹೋದಾಗ ಕೈಹಿಡಿದುದು ಇದೇ ಉಪಾಯ. ಉಳಿಸಿಟ್ಟ ವೈಫೈ ಪಾಸ್‌ವರ್ಡುಗಳೆಲ್ಲ ಇದರಿಂದ ಅಳಿಯುತ್ತವೆ. ಪಟಗಳೂ ಹಾಡುಗಳೂ ಅಳಿಯವು. ಆದರೆ ಎಚ್ಚರ! ಇದರ ನೆರೆಯಲ್ಲೇ ‘ಇರೇಸ್ ಆಲ್’ ಎಂಬ ಇನ್ನೊಂದು ಸಾಲಿರುತ್ತದೆ. ಅಂಗಡಿಯ ಹುಡುಗ ಒತ್ತಬೇಕೆಂದಿದ್ದುದು ಅಂಥದನ್ನೇ. ಕನ್ನಡಕ ಹಾಕಿಕೊಂಡು ಒತ್ತಿರಿ.

ಮೇಷ್ಟ್ರ ವೈಫೈ ‘ಮರೆತುಬಿಡು’ವಿಗೇ ಸರಿಹೋಯಿತು. ಆಗ ಅವರ ನಿಜವಾದ ಭಯ ಹೊರಬಿದ್ದಿತು. ನವೆಂಬರ್ ತಿಂಗಳು, ಪಿಂಚಣಿಗೆ ಜೀವಿತ ಪ್ರಮಾಣಪತ್ರ ಕೊಡಬೇಕು. 2021ರಿಂದ ಅದನ್ನು ಫೋನಿಗೆ ಮುಖ ತೋರಿಸಿಯೇ ಪಡೆಯಬಹುದಾಗಿದೆ. “ಜೇಬಿನಲ್ಲಿರುವ ಫೋನಿಗೇ ನನ್ನ ಗುರುತು ಸಿಗದ ಮೇಲೆ, ನಾನು ಬದುಕಿದ್ದೇನೆಂದು ಸರ್ಕಾರ ನಂಬೀತೇ?” ಎಂದರು.

ಆ ಮುಖಪರೀಕ್ಷೆಯೇ ಬೇರೆ. ಬೀಗ ತೆರೆಯುವ ಫೋನು ತನ್ನೊಳಗೆ ಅಡಗಿಸಿಟ್ಟ ಲೆಕ್ಕದೊಡನೆ ಮುಖವನ್ನು ಹೋಲಿಸುತ್ತದೆ. ಜೀವಿತ ಪ್ರಮಾಣಕ್ಕೆ ಹೋಲಿಸುವುದು ಆಧಾರ್‌ನಲ್ಲಿರುವ ಮುಖದೊಡನೆ. ಒಂದು ಕೈಕೊಟ್ಟರೆ ಇನ್ನೊಂದೂ ಕೈಕೊಡಬೇಕೆಂದಿಲ್ಲ. ಅದಕ್ಕೆ ಬೇಕಾದುದು ಇಂಟರ್ನೆಟ್ಟು, ಒರಸಿದ ಕ್ಯಾಮೆರಾ, ಒಳ್ಳೆಯ ಬೆಳಕು. ಅದೂ ಆಗದಿದ್ದರೆ ಬ್ಯಾಂಕಿಗೆ ಹೋಗಿ ಕಾಗದದ ಮೇಲೆ ಕೊಡುವ ಹಳೆಯ ಪದ್ಧತಿ ಇದ್ದೇ ಇದೆ.

ಮರುದಿನ ನಮ್ಮ ಜಗಲಿಯ ಬಿಸಿಲಿನಲ್ಲೇ ಕುರ್ಚಿ ಹಾಕಿಸಿಕೊಂಡು ಕುಳಿತು ಮುಖ ತೋರಿಸಿದರು. ಕಣ್ಣು ಮಿಟುಕಿಸಬೇಕೆಂದಾಗ ಎರಡು ಕಣ್ಣನ್ನೂ ಗಟ್ಟಿಯಾಗಿ ಮುಚ್ಚಿ ತೆರೆದರು. ಅಂಗೀಕಾರವಾಯಿತು. ಹಾಡಿನ ಒಂದು ಪ್ರತಿಯನ್ನು ಅಂದೇ ಮಗಳ ಫೋನಿಗೆ ಕಳುಹಿಸಿದೆವು. ಕಳುಹಿಸುವ ಮುನ್ನ ನನಗೂ ಒಮ್ಮೆ ಕೇಳಿಸಿದರು.