ಹಿಮಾಚಲದ ಭಂಗಿ ಬೆಳೆ: ಹೊಣೆ ಯಾರದು?

ಭಂಗಿ ಗಿಡದ ನಿಯಂತ್ರಿತ ಬೇಸಾಯವನ್ನು ಪ್ರಾಯೋಗಿಕವಾಗಿ ಕೈಕೊಳ್ಳಲು ಹಿಮಾಚಲ ಪ್ರದೇಶದ ಮಂತ್ರಿಮಂಡಲವು 2025ರ ಜನವರಿಯಲ್ಲಿ ಸಮ್ಮತಿಯಿತ್ತಿತು. ಪಾಲಂಪುರದ ಕೃಷಿ ವಿಶ್ವವಿದ್ಯಾಲಯಕ್ಕೂ ನೌಣಿಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೂ ಈ ಕಾರ್ಯವನ್ನು ವಹಿಸಲಾಗಿದೆ. ಇದಕ್ಕೆ ಮೊದಲು, 2024ರ ಸೆಪ್ಟೆಂಬರದಲ್ಲಿ, ಕಂದಾಯ ಮಂತ್ರಿ ಜಗತ್ ಸಿಂಗ್ ನೇಗಿಯವರ ಅಧ್ಯಕ್ಷತೆಯ ಸಮಿತಿಯ ವರದಿಯನ್ನು ಅಲ್ಲಿಯ ವಿಧಾನಸಭೆಯು ಅಂಗೀಕರಿಸಿತ್ತು. ಅಮಲಿಗಾಗಿ ಅಲ್ಲ, ಔಷಧಕ್ಕೂ ನಾರು ಮೊದಲಾದ ಉದ್ಯಮಗಳಿಗೂ ಮಾತ್ರ ಈ ಬೆಳೆ ಎಂಬುದು ಸರಕಾರದ ಮಾತು.

ದೂರದ ಗುಡ್ಡಗಾಡಿನ ಈ ಸುದ್ದಿ ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ದುಡಿದುಣ್ಣುವ ನಮ್ಮ ವಾಚಕರಿಗೆ ಏತಕ್ಕೆ ಎಂದು ಕೇಳುವವರಿರಬಹುದು. ಕಾರಣವುಂಟು. "ಗಾಂಜಾಕ್ಕೆ ಇನ್ನು ತಡೆಯಿಲ್ಲವಂತೆ" ಎಂಬ ಮಾತು ಇಂಥ ಸುದ್ದಿಗಳ ಬೆನ್ನಿಗೇ ಹಬ್ಬುತ್ತದೆ. ಆ ಮಾತು ನಿಜವಲ್ಲ. ಅದನ್ನು ನಂಬಿದವನು ಕೆಡುತ್ತಾನೆ.

ಮೊದಲು ಕಾಯದೆಯನ್ನು ನೋಡೋಣ. 1985ರ ಮಾದಕ ದ್ರವ್ಯಗಳ ಕಾಯದೆಯ ಪ್ರಕಾರ ಗಿಡದ ಹೂತೆನೆಯು ಗಾಂಜಾ, ಅದರ ರಾಳವು ಚರಸ್. ಹೂತೆನೆಯಿಂದ ಬೇರ್ಪಟ್ಟ ಎಲೆಯೂ ಬೀಜವೂ ಆ ವ್ಯಾಖ್ಯೆಗೆ ಸೇರಿಲ್ಲ. ಭಂಗಿ ಸೊಪ್ಪು ಉಳಿದುಕೊಂಡದ್ದು ಈ ಸಂದಿನಲ್ಲಿ. ಆದರೆ ಅಪ್ಪಣೆಯಿಲ್ಲದೆ ಗಿಡವನ್ನು ಬೆಳೆಸಿದವನಿಗೆ 10 ವರ್ಷಗಳವರೆಗೆ ಕಠಿಣ ಸಜೆಯೂ 1 ಲಕ್ಷ ರೂಪಾಯಿವರೆಗೆ ದಂಡವೂ ಉಂಟು. ಗಿಡಗಳ ಸಂಖ್ಯೆಯನ್ನು ನೋಡಿ ಶಿಕ್ಷೆಯನ್ನು ವಿಂಗಡಿಸುವ ಮಾತು ಆ ಕಲಮಿನಲ್ಲಿಲ್ಲ. ನಾರಿಗೂ ಬೀಜಕ್ಕೂ ಬೆಳೆಯಲು ಅನುಮತಿ ಕೊಡಬಹುದೆಂದು ಅದೇ ಕಾಯದೆಯ 14ನೆಯ ಕಲಮು ಹೇಳುತ್ತದೆ. ಉತ್ತರಾಖಂಡವು 2018ರಲ್ಲಿಯೇ ಈ ಹಾದಿ ಹಿಡಿಯಿತು. ಹಿಮಾಚಲವೂ ಈಗ ನಿಯಂತ್ರಿತ ಬೇಸಾಯದ ಮಾತನ್ನಾಡುತ್ತಿದೆ.

ತೊಡಕು ಇರುವುದು ಗಿಡದಲ್ಲಿ. ಅಮಲೇರಿಸುವ ಅಂಶಕ್ಕೆ ಟಿಎಚ್‌ಸಿ ಎಂದು ಹೆಸರು. ಉದ್ಯಮದ ಭಂಗಿಯಲ್ಲಿ ಅದು ನೂರಕ್ಕೆ 0.3ನ್ನು ಮೀರಬಾರದೆಂಬುದು ಉತ್ತರಾಖಂಡದ ನಿಯಮ. ಎಂದರೆ ಒಂದು ಕಿಲೋ ಒಣ ಸರಕಿನಲ್ಲಿ 3 ಗ್ರಾಮು. ಈ ಗೆರೆಯನ್ನು ಪ್ರಕೃತಿ ಎಳೆದದ್ದಲ್ಲ. ಅರ್ನೆಸ್ಟ್ ಸ್ಮಾಲ್, ಆರ್ಥರ್ ಕ್ರಾಂಕ್ವಿಸ್ಟ್ ಎಂಬ ಸಸ್ಯಶಾಸ್ತ್ರಜ್ಞರು 1976ರಲ್ಲಿ ವರ್ಗೀಕರಣದ ಅನುಕೂಲಕ್ಕಾಗಿ ಎಳೆದದ್ದು. ಅದೇ ಇಂದು ಹಲವು ದೇಶಗಳಲ್ಲಿ ಕಾಯದೆಯಾಗಿದೆ. ಗಿಡವನ್ನು ನೋಡಿ, ಮೂಸಿ, ಮುಟ್ಟಿ ಈ 3 ಗ್ರಾಮನ್ನು ಅರಿಯುವುದು ರೈತನಿಗೂ ಸಾಧ್ಯವಿಲ್ಲ, ಪೋಲೀಸನಿಗೂ ಸಾಧ್ಯವಿಲ್ಲ. ಪ್ರಯೋಗಶಾಲೆಗೆ ಮಾತ್ರ ಸಾಧ್ಯ.

ಇದರ ಮೇಲೆ ಹವೆಯ ಕಾಟ. ಪಾಲಂಪುರವಿರುವ ಕಾಂಗ್ಡಾ ಜಿಲ್ಲೆಯಲ್ಲಿ ನಮ್ಮ ಮಲೆನಾಡನ್ನು ನೆನಪಿಸುವಂಥ ಮಳೆ. ಭಂಗಿಯ ಹೂತೆನೆ ಒತ್ತಾಗಿದ್ದರೆ ತೇವವು ಒಳಗೇ ನಿಂತು ಬೂದು ಬೂಷ್ಟು ಹಿಡಿಯುತ್ತದೆ; ಹೊರಗೆ ಹಸುರಾಗಿ ಕಂಡ ತೆನೆ ಒಳಗೆ ಕೊಳೆತಿರುತ್ತದೆ. ಬಿಸಿಲಿಲ್ಲದ ದಿನಗಳಲ್ಲಿ ಕೊಯ್ದರೆ ಒಣಗಿಸುವುದೂ ಕಷ್ಟ. ಜಡಿಮಳೆಯಲ್ಲಿ ಹಪ್ಪಳ ಒಣಗಿಸಲು ಹೊರಟವರಿಗೆ ಈ ಸಂಕಟವನ್ನು ವಿವರಿಸಬೇಕಾಗಿಲ್ಲ. ಬಿಡಿಬಿಡಿಯಾದ ತೆನೆಯ, ಕಿರಿದೆಲೆಯ ತಳಿಗಳು ತೇವವನ್ನು ಹೆಚ್ಚು ತಾಳುವುವೆಂಬುದು ನಿಜ. ಆದುದರಿಂದಲೇ "ಸಟೈವಾ ಪ್ರಧಾನ", "ಗಿಡ್ಡ ತಳಿ", "ತೇವಕ್ಕೆ ಅಂಜದು" ಎಂಬ ಬಿರುದುಗಳೊಂದಿಗೆ ಹೊರದೇಶಗಳ ವ್ಯಾಪಾರಿಗಳು ಬೀಜ ಮಾರುತ್ತಾರೆ. ಆದರೆ ಈ ಹೆಸರುಗಳಿಂದ ಗಿಡದ ಒಳಗಿನ ರಸಾಯನವನ್ನು ನೆಚ್ಚಿಕೊಂಡು ಹೇಳಲಾಗದೆಂಬುದನ್ನು ವಿಜ್ಞಾನಿಗಳ ಪರೀಕ್ಷೆಗಳು ತೋರಿಸಿಕೊಟ್ಟಿವೆ.

ಇನ್ನೂ ಎರಡು ಸಂಗತಿಗಳಿವೆ. ಈ ಗಿಡವು ಹಗಲು ಕಿರಿದಾದಾಗ ಹೂಬಿಡುವ ಜಾತಿಯದು. ಉತ್ತರ ಯುರೋಪಿನ ದೀರ್ಘ ಹಗಲಿಗೆ ಹೊಂದಿದ ನಾರಿನ ತಳಿಯನ್ನು ತಂದು ಇಲ್ಲಿ ಬಿತ್ತಿದರೆ ಅದು ಅವಧಿಗೆ ಮೊದಲೇ ಹೂಬಿಟ್ಟು ಗಿಡ್ಡಾಗಿ ನಿಲ್ಲುತ್ತದೆ, ನಾರು ಸಿಗದು. ಎರಡನೆಯದಾಗಿ, ಇದರ ಪರಾಗವು ಗಾಳಿಯಲ್ಲಿ ಬಹುದೂರ ಹೋಗುತ್ತದೆ. ಹಿಮಾಲಯದ ತಪ್ಪಲಲ್ಲಿ ಕಾಡುಭಂಗಿ ತಾನಾಗಿಯೇ ಬೆಳೆದಿದೆ. ರೈತನು ಒಳ್ಳೆಯ ಬೀಜವನ್ನೇ ಬಿತ್ತಿದರೂ, ಬೇಲಿಯಾಚೆಯ ಕಾಡುಗಿಡದ ಪರಾಗವು ಕೂಡಿ ಮರುವರ್ಷದ ಬೀಜ ಕೆಡಬಹುದು. ಅಂಥ ಬೆಳೆ 0.3ರ ಗೆರೆಯನ್ನು ದಾಟಿದರೆ ತಪ್ಪು ಗಾಳಿಯದೋ, ಬೀಜ ಮಾರಿದವನದೋ, ರೈತನದೋ? ನಮ್ಮ ಮುಖ್ಯ ಪ್ರಶ್ನೆ ಇದೇ.

ಅವಸರದ ಫಲವೇನೆಂಬುದನ್ನು ಥಾಯ್ಲೆಂಡ್ ತೋರಿಸಿಕೊಟ್ಟಿದೆ. 2022ರ ಜೂನಿನಲ್ಲಿ ಆ ದೇಶವು ಗಾಂಜಾ ಗಿಡವನ್ನು ಮಾದಕ ವಸ್ತುಗಳ ಪಟ್ಟಿಯಿಂದ ತೆಗೆದುಹಾಕಿತು. ಹತೋಟಿಯ ಕಾಯದೆಯನ್ನು ಮೊದಲು ಮಾಡದೆ ಬಾಗಿಲನ್ನು ತೆರೆದದ್ದರಿಂದ ಬೀದಿಬೀದಿಗಳಲ್ಲಿ ಅಂಗಡಿಗಳೆದ್ದವು. 2025ರ ಜೂನಿನಲ್ಲಿ ವೈದ್ಯರ ಚೀಟಿಯಿಲ್ಲದೆ ಹೂವನ್ನು ಮಾರಕೂಡದೆಂದು ಸರಕಾರವು ಕಟ್ಟಳೆ ಮಾಡಿತು. ನಡುವಣ ಮೂರು ವರ್ಷಗಳಲ್ಲಿ ಸಾಲ ಮಾಡಿ ಬಂಡವಾಳ ಹೂಡಿದ ಸಣ್ಣವರ ಗತಿಯನ್ನು ಊಹಿಸಬಹುದು.

ಗೊಂದಲದ ಬೆಲೆಯನ್ನು ತೆರುವವನು ಬಡವನೇ. 2022ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯದ ಮುಂದೆ ಒಂದು ಜಾಮೀನಿನ ಅರ್ಜಿ ಬಂದಿತ್ತು. ಬೆಂಗಳೂರಿನ ಪೋಲೀಸರು 29 ಕಿಲೋ ಭಂಗಿಯೊಂದಿಗೆ ಒಬ್ಬನನ್ನು ಹಿಡಿದಿದ್ದರು. ಭಂಗಿಯು ಆ ಕಾಯದೆಯ ವ್ಯಾಖ್ಯೆಗೆ ಒಳಪಡುವುದಿಲ್ಲವೆಂದು ಕಂಡು ನ್ಯಾಯಾಲಯವು ಆತನಿಗೆ ಜಾಮೀನು ಕೊಟ್ಟಿತು. ನ್ಯಾಯ ದೊರೆಯಿತು, ಆದರೆ ಅದು ದೊರೆಯುವವರೆಗೆ ಮನುಷ್ಯನು ಸೆರೆಯಲ್ಲಿದ್ದನು. ವಕೀಲನನ್ನು ಹಿಡಿಯುವ ಶಕ್ತಿಯಿಲ್ಲದವನ ಪಾಡೇನು?

ನಾವು ಹೋಟೆಲಿನ ಗಲ್ಲಾದ ಮೇಲೆ ಕುಳಿತಿದ್ದ ಕಾಲದಲ್ಲಿ ನಿತ್ಯದ ಗಿರಾಕಿಯೊಬ್ಬರು ನಮ್ಮ ಕ್ಲೀನರ್ ಹುಡುಗನ ಕೈಗೆ ಒಂದು ಪೊಟ್ಟಣ ಕೊಟ್ಟು, "ಸಂಜೆ ಒಬ್ಬರು ಬಂದು ಕೊಂಡುಹೋಗುತ್ತಾರೆ, ಇಟ್ಟುಕೊಂಡಿರು" ಎಂದಿದ್ದರು. ಕೈಗೆ ಹತ್ತು ರೂಪಾಯಿಯನ್ನೂ ಇಟ್ಟಿದ್ದರು. ನಾವು ಅದನ್ನು ಬಿಚ್ಚದೆಯೇ ಹಿಂದಿರುಗಿಸಿದೆವು. "ಧಣಿಗಳೇ, ನಾನೇನು ತಪ್ಪು ಮಾಡಿದೆ?" ಎಂದು ಹುಡುಗ ಅತ್ತ. ತಪ್ಪು ಮಾಡಿರಲಿಲ್ಲ. ಆದರೆ ಕಾಯದೆಯು ಮೊದಲು ನೋಡುವುದು ವಸ್ತು ಯಾರ ಕೈಯಲ್ಲಿತ್ತೆಂಬುದನ್ನು. ಒಳಗೇನಿತ್ತೆಂದು ತನಗೆ ತಿಳಿಯದೆಂಬುದನ್ನು ಸಿದ್ಧಪಡಿಸುವ ಭಾರ ಆ ಹುಡುಗನ ಮೇಲೆಯೇ ಬೀಳುತ್ತದೆ.

ಕುಮಾವೂಂ ಸೀಮೆಯ ಮನೆಗಳಲ್ಲಿ ಭಂಗಿಯ ಬೀಜದ ಚಟ್ನಿ ಇಂದಿಗೂ ಉಂಟು, ಬೀಜದಲ್ಲಿ ಅಮಲಿಲ್ಲ. ಗಿಡದಿಂದ ನಾರು, ಎಣ್ಣೆ, ಔಷಧಗಳು ದೊರೆಯುವುದಾದರೆ ಗುಡ್ಡಗಾಡಿನ ರೈತನಿಗೆ ಅವು ದೊರೆಯಲಿ. ನಾವು ಅಡ್ಡ ಬರುವವರಲ್ಲ. ಆದರೆ ಪ್ರಮಾಣಿತ ಬೀಜವನ್ನು ಸರಕಾರವೇ ಕೊಡಬೇಕು. ಜಿಲ್ಲೆಗೊಂದು ಪರೀಕ್ಷಾಲಯ ಬೇಕು. ಗೆರೆ ದಾಟಿದ ಬೆಳೆಯನ್ನು ನಾಶಮಾಡುವುದಾದರೆ, ನಿಯಮಗಳನ್ನು ಪಾಲಿಸಿದ ರೈತನಿಗೆ ನಷ್ಟಭರ್ತಿ ಬೇಕು. ಇವನ್ನು ಮೊದಲು ಮಾಡಿ, ಆಮೇಲೆ ಬೀಜ ಬಿತ್ತಲಿ.

ನಮ್ಮವರಿಗೆ ಹೇಳುವುದಿಷ್ಟೇ. ಪರವಾನಗಿ ಹಿಮಾಚಲದ ಹೊಲಕ್ಕೇ ಹೊರತು ನಮ್ಮ ಚಾಳಿನ ಮಾಳಿಗೆಯ ಕುಂಡಕ್ಕಲ್ಲ. ಅನ್ಯರ ಪೊಟ್ಟಣವನ್ನು ಯಾವ ದಾಕ್ಷಿಣ್ಯಕ್ಕೂ ಕೈಯಲ್ಲಿ ಹಿಡಿಯಬೇಡಿ. ಊರಿನಲ್ಲಿ ನಿಮ್ಮ ಮನಿಆರ್ಡರಿನ ದಾರಿ ಕಾಯುವವರಿದ್ದಾರೆಂಬುದನ್ನು ಮರೆಯಬೇಡಿ.